ಸ್ಟ್ಯಾಂಡಿಗೆ ಬೀಗ ಬಿದ್ದ ಮೇಲೆ ಪಂದ್ಯದ ದಿನ

2020ರಲ್ಲಿ ತರನಾಕಿ ತಂಡ ಕ್ಯಾಂಟರ್ಬರಿಯನ್ನು ಮಣಿಸಿ ರ್‍ಯಾನ್‌ಫರ್ಲಿ ಶೀಲ್ಡ್ ಗೆದ್ದುಕೊಂಡಿತು. ನ್ಯೂಜಿಲೆಂಡ್‌ನ ಪ್ರಾಂತೀಯ ರಗ್ಬಿಯಲ್ಲಿ ಅದಕ್ಕಿಂತ ಹಳೆಯ ಹೆಮ್ಮೆ ಇಲ್ಲ; ಗೆದ್ದವರು ಅದನ್ನು ತಮ್ಮ ಮೈದಾನದಲ್ಲೇ ಪಣಕ್ಕಿಡಬೇಕು. ಆದರೆ ತರನಾಕಿಯ ತವರು ಮೈದಾನ, ನ್ಯೂ ಪ್ಲಿಮತ್‌ನ ಯ್ಯಾರೋ ಸ್ಟೇಡಿಯಂ ಆಡಲು ಸಜ್ಜಾಗಿರಲಿಲ್ಲ. ಒಟಾಗೊ ಎದುರಿನ ಶೀಲ್ಡ್ ಪಂದ್ಯ ಇಂಗಲ್‌ವುಡ್ ಎಂಬ ಪುಟ್ಟ ಪಟ್ಟಣಕ್ಕೆ ಹೋಯಿತು. ಶೀಲ್ಡೂ ಅಲ್ಲೇ ಕೈಜಾರಿತು.

ಯ್ಯಾರೋದ ತೊಂದರೆ ಇದ್ದದ್ದು ಅದರ ಸ್ಟ್ಯಾಂಡುಗಳಲ್ಲಿ. 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ನ್ಯೂಜಿಲೆಂಡ್ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್ ಅರ್ಜೆಂಟೀನಾ ಜೊತೆ ಆಡಿತ್ತು. ಅದೇ ವರ್ಷದ ಕೊನೆಗೆ ಪಶ್ಚಿಮದ ಸ್ಟ್ಯಾಂಡ್, ಮರುವರ್ಷ ಪೂರ್ವದ್ದು, ಭೂಕಂಪಕ್ಕೆ ಈಡಾಗುವ ಕಟ್ಟಡ ಎಂದು ತೀರ್ಮಾನವಾಯಿತು. ಕಾಂಕ್ರೀಟು ಎರಡು ತಿಂಗಳಲ್ಲಿ ಸೊರಗಲಿಲ್ಲ, ಲೆಕ್ಕ ತಡವಾಗಿ ಬಂತು, ಅಷ್ಟೇ.

ಆಗಿನ ಆ ಲೆಕ್ಕ ಹೀಗೆ: ಅದೇ ಜಾಗದಲ್ಲಿ ಇಂದು ಕಟ್ಟುವ ಹೊಸ ಕಟ್ಟಡಕ್ಕೆ ಬೇಕಾದ ತಾಳಿಕೆಯನ್ನು 100 ಎಂದಿಟ್ಟುಕೊಂಡರೆ, 34ಕ್ಕಿಂತ ಕೆಳಗೆ ಬಿದ್ದದ್ದು ಅಪಾಯದ ಪಟ್ಟಿಗೆ. ಸರಾಸರಿ ತೆಗೆಯುವುದಿಲ್ಲ, ಜೀವಕ್ಕೆ ಕುತ್ತಾಗಬಲ್ಲ ಭಾಗಗಳಲ್ಲಿ ಅತಿ ದುರ್ಬಲವಾದದ್ದರ ಅಂಕವೇ ಇಡೀ ಕಟ್ಟಡದ ಅಂಕ. ಕಂಬ, ತೊಲೆ ಗಟ್ಟಿಯಿದ್ದು ಮೆಟ್ಟಿಲಿನ ಆಸರೆಯೊಂದು ಕಿರಿದಾದರೂ ಸಾಕು. 2011ರ ಭೂಕಂಪದಲ್ಲಿ ಕ್ರೈಸ್ಟ್‌ಚರ್ಚ್‌ನ ಬಹುಮಹಡಿ ಕಟ್ಟಡವೊಂದು ನಿಂತೇ ಇತ್ತು, ಒಳಗಿನ ಮೆಟ್ಟಿಲುಗಳು ಮಾತ್ರ ಕುಸಿದಿದ್ದವು.

ನ್ಯೂ ಪ್ಲಿಮತ್ ಇರುವ ಮಧ್ಯಮ ಭೂಕಂಪ ಅಪಾಯದ ವಲಯದಲ್ಲಿ ದುರಸ್ತಿಗೆ ಕಾನೂನು ಆಗ ಸಾಮಾನ್ಯವಾಗಿ 25 ವರ್ಷ ಕೊಡುತ್ತಿತ್ತು. ಗೋದಾಮಾದರೆ ಆ ಗಡುವು ಒಪ್ಪಬಹುದು. ಸ್ಟ್ಯಾಂಡಿನ ಮಾತೇ ಬೇರೆ: ವರ್ಷವಿಡೀ ಖಾಲಿ, ಪಂದ್ಯದ ದಿನ ಸಾವಿರಾರು ಜನ, ಎಲ್ಲರೂ ಇಳಿಯಬೇಕಾದದ್ದು ಅವೇ ನಾಲ್ಕಾರು ಮೆಟ್ಟಿಲುಸಾಲುಗಳಲ್ಲಿ. ಬೀಗ ಹಾಕಿದ್ದು ಸರಿಯೇ.

ಆದರೆ ಬೀಗ ಬಿದ್ದಾಗ ಹೋಗುವುದು ಆಸನಗಳಷ್ಟೇ ಅಲ್ಲ. ಸ್ಟ್ಯಾಂಡಿನ ಹೊಟ್ಟೆಯಲ್ಲೇ ಡ್ರೆಸಿಂಗ್ ರೂಮು, ವೈದ್ಯರ ಕೋಣೆ, ಶೌಚಾಲಯ, ಅಡುಗೆಮನೆ ಇರುತ್ತವೆ; ಮೇಲೆ ಕ್ಯಾಮೆರಾ, ಕಾಮೆಂಟರಿ. ಪ್ರತಿಯೊಂದಕ್ಕೂ ಬಾಡಿಗೆಯ ಬದಲಿ ತರಬೇಕು. ತಲೆನೋವು ಕೊಡುವುದು ಕ್ಯಾಮೆರಾ ಅಟ್ಟಣಿಗೆ: ಎತ್ತರ ಸಾಲದಿದ್ದರೆ, ಎರಡೂ ತಂಡದವರು ಭುಜಕ್ಕೆ ಭುಜ ಕೊಟ್ಟು ತಳ್ಳಾಡುವ ಸ್ಕ್ರಮ್‌ನ ಆಚೆ ಬದಿ ಟಿವಿಯಲ್ಲಿ ಕಾಣುವುದೇ ಇಲ್ಲ. ಛಾವಣಿಯಡಿಯ ದುಬಾರಿ ಟಿಕೆಟೂ ಇಲ್ಲವಾಗಿ, ಖರ್ಚು ಏರುವ ಹೊತ್ತಿಗೇ ಆದಾಯ ಇಳಿಯುತ್ತದೆ.

ಪಶ್ಚಿಮದ್ದನ್ನು ಬಲಪಡಿಸಿದರು, ಪೂರ್ವದ್ದನ್ನು ಕೆಡವಿದರು. 2023ರಲ್ಲಿ ತರನಾಕಿ ತಂಡ ಹಾಕ್ಸ್ ಬೇ ತಂಡವನ್ನು 22–19ರಿಂದ ಸೋಲಿಸಿ ಪ್ರಾಂತೀಯ ಪ್ರಶಸ್ತಿ ಗೆದ್ದದ್ದು ಯ್ಯಾರೋದಲ್ಲೇ. ಪೂರ್ವದ ಹೊಸ ಸ್ಟ್ಯಾಂಡ್ ಆಗಿನ್ನೂ ಸಿದ್ಧವಾಗಿರಲಿಲ್ಲ.