ಕಾಣೆಯಾದ ಕವರುಗಳು

ಆಟಿ ತಿಂಗಳ ಒಂದು ಭಾನುವಾರ, ಉಡುಪಿಯಲ್ಲಿ ಮಳೆ ಬಿಡದೆ ಸುರಿಯುತ್ತಿದ್ದಾಗ, ನಮ್ಮ ಕುಟುಂಬದ ವಂಶಾವಳಿಯನ್ನು ಕಂಪ್ಯೂಟರಿನಲ್ಲಿ ಮೂಡಿಸಲು ಕುಳಿತಿದ್ದೆ. ನಮ್ಮದು ಅಳಿಯಸಂತಾನದ ಮನೆತನ, ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಹಾಗಾಗಿ ಡೇಟಾಬೇಸಿನ ಪ್ರತಿ ಸಾಲಿನಲ್ಲಿ ವ್ಯಕ್ತಿಯ ಸಂಖ್ಯೆ (ಒಡಹುಟ್ಟಿದವರಲ್ಲಿ ಹಿರಿಯರಿಗೆ ಮೊದಲು), ಹೆಸರು ಮತ್ತು ತಾಯಿಯ ಸಂಖ್ಯೆ ಇಷ್ಟನ್ನೇ ಇಟ್ಟಿದ್ದೆ. ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣುಮಕ್ಕಳ ಮೂಲಕ ಇಳಿದು ಬಂದ ಸಂತತಿ ಸೇರಿದರೆ ಒಂದು ಕವರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲೂ ಈ ಮಾತಿದೆ. ಕವರಿನೊಳಗೆ ಕವರು ಇರುವಾಗ, ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುವ ರಿಕರ್ಸಿವ್ ಫಂಕ್ಷನ್ನಿಗಿಂತ ಒಪ್ಪುವ ದಾರಿ ನನಗೆ ಕಾಣಲಿಲ್ಲ.

ಪೈಥಾನಿನಲ್ಲಿ ಬರೆದ ಹತ್ತೇ ಸಾಲು. ಓಡಿಸಿದರೆ ಬಂದದ್ದು ಐದು ಹೆಸರು. ಪಕ್ಕದಲ್ಲಿ ಕುಳಿತಿದ್ದ ಚಿಕ್ಕಜ್ಜಿ ಪರದೆಯನ್ನು ಬಹಳ ಹೊತ್ತು ನೋಡಿ, ತಾನೆಲ್ಲಿ ಎಂದು ತುಳುವಿನಲ್ಲಿ ಮೆಲ್ಲಗೆ ಕೇಳಿದರು. ನನಗೆ ಎದೆ ಚುರುಕ್ಕೆಂದಿತು.

ಎರರ್ ಒಂದೂ ಇರಲಿಲ್ಲ. ಕರೆಗಳು ಕೊನೆಯಿಲ್ಲದೆ ಇಳಿದಿದ್ದರೆ ಪೈಥಾನ್ ತನ್ನ 1000 ಕರೆಗಳ ಮಿತಿಯಲ್ಲಿ ತಡೆದು ಕೂಗುತ್ತಿತ್ತು. ಇದು ಸದ್ದಿಲ್ಲದೆ ಮುಗಿದಿತ್ತು. ದತ್ತಾಂಶವೇ ತಪ್ಪಿರಬೇಕೆಂದು ನೋಟ್‌ಬುಕ್ಕಿನ ಹೆಸರುಗಳನ್ನೆಲ್ಲ ಮತ್ತೆ ತಾಳೆ ನೋಡಿ ಮಧ್ಯಾಹ್ನ ಕಳೆದೆ. ಆದರೆ ಎಸ್‌ಕ್ಯೂಎಲೈಟ್ ಡೇಟಾಬೇಸಿಗೆ ನೇರವಾಗಿ ಪ್ರಶ್ನೆ ಕೊಟ್ಟಾಗ ಮೂಲ ಅಜ್ಜಿಗೆ ನಾಲ್ಕು ಮಕ್ಕಳು ಸರಿಯಾಗಿಯೇ ಸಿಕ್ಕರು. ಸುಳಿವು ಸಿಕ್ಕಿದ್ದು ಬೇರೊಬ್ಬ ಅಜ್ಜಿಯಿಂದ ಆರಂಭಿಸಿದಾಗ: ಅವರ ಚೊಚ್ಚಲ ಮಗು ಗಂಡು, ಬಂದದ್ದು ಎರಡೇ ಹೆಸರು. ಗಂಡಿನ ಮಕ್ಕಳು ಅವರವರ ತಾಯಿಯ ಕುಟುಂಬಕ್ಕೆ ಸೇರುವುದರಿಂದ ಅಲ್ಲಿಗೆ ಸಾಲು ನಿಂತಿತ್ತು. ಅಂದರೆ ಪ್ರತಿ ಹಂತದಲ್ಲೂ ಚೊಚ್ಚಲು ಮಾತ್ರ ಬರುತ್ತಿದೆ, ಒಡಹುಟ್ಟಿದವರು ಬಿಟ್ಟುಹೋಗುತ್ತಿದ್ದಾರೆ.

ಡೇಟಾಬೇಸಿನ ಉತ್ತರವನ್ನು ಸಾಲು ಸಾಲಾಗಿ ಓದಿಕೊಡುವ ಕರ್ಸರನ್ನು ನಾನು ಫಂಕ್ಷನ್ನಿನ ಹೊರಗೆ ಒಮ್ಮೆ ಮಾತ್ರ ತೆರೆದಿದ್ದೆ. ಪ್ರತಿ ಕರೆಗೂ ಅದರದೇ ವೇರಿಯಬಲ್‌ಗಳಿದ್ದವು, ಕರ್ಸರ್ ಮಾತ್ರ ಎಲ್ಲರಿಗೂ ಒಂದೇ. ತಾಯಿಯ ಮಕ್ಕಳ ಪಟ್ಟಿಯಲ್ಲಿ ಮೊದಲ ಹೆಸರು ಓದಿ ಒಳಗಿನ ಕರೆಗೆ ಇಳಿದೊಡನೆ ಹೊಸ ಪ್ರಶ್ನೆ ಹಳೆಯ ಪಟ್ಟಿಯನ್ನು ಅಳಿಸಿಬಿಡುತ್ತಿತ್ತು. ಮರಳಿ ಬಂದಾಗ ಲೂಪಿಗೆ ಓದಲು ಏನೂ ಉಳಿದಿರುತ್ತಿರಲಿಲ್ಲ. ಒಳಗೆ ಇಳಿಯುವ ಮೊದಲೇ ಫೆಚ್‌ಆಲ್ ಎಂದು ಇಡೀ ಪಟ್ಟಿಯನ್ನು ಆಯಾ ಕರೆಯ ಸ್ವಂತ ವೇರಿಯಬಲ್ಲಿಗೆ ಎತ್ತಿಕೊಂಡೆ. ಬದಲಾಯಿಸಿದ್ದು ಒಂದೇ ಸಾಲು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಸರುಗಳು ಪರದೆ ತುಂಬಿ ಕೆಳಗಿಳಿದವು. ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಚಿಕ್ಕಜ್ಜಿ ತಮ್ಮ ಹೆಸರಿಗೆ ತಲೆಯಾಡಿಸಿದರು, ಮುಂದೆ ಒಂದೆಡೆ ಕೈ ಎತ್ತಿ ನಿಲ್ಲಿಸಿದರು: ಇಬ್ಬರು ಅಣ್ಣತಮ್ಮಂದಿರಲ್ಲಿ ಹಿರಿಯರು ಕಿರಿಯರ ಕೆಳಗಿದ್ದರು. ಗಂಡಸರ ಸಂಖ್ಯೆ ಯಾರ ತಾಯಿಯ ಜಾಗದಲ್ಲೂ ಬಂದಿಲ್ಲವಾದ್ದರಿಂದ ಅವರಿಬ್ಬರ ಸಂಖ್ಯೆಗಳನ್ನು ನಿಶ್ಚಿಂತೆಯಿಂದ ಅದಲುಬದಲು ಮಾಡಿ, ಮೊದಲಿನಿಂದ ಮತ್ತೆ ಓದಲು ತೊಡಗಿದೆ.