ಅಣ್ಣಿಗೇರಿ ದಾರಿಯಲ್ಲೊಂದು ಕೂರಿಗೆ

ಹಿಂಗಾರಿ ಬಿತ್ತನೆಗೆ ಹೊಲಗಳು ಹದಗೊಂಡಿದ್ದ ಅಕ್ಟೋಬರ್ ಮೊದಲ ವಾರದಲ್ಲಿ, ಹಳೆಯ ಒಕ್ಕಲುತನದ ಸಲಕರಣೆಗಳನ್ನು ಕಣ್ಣಾರೆ ಕಾಣಬೇಕೆಂದು ಹುಬ್ಬಳ್ಳಿಯಿಂದ ಎರಡು ದಿನದ ತಿರುಗಾಟಕ್ಕೆ ಹೊರಟೆ. ಮೊದಲ ದಿನ ಶಿಗ್ಗಾವಿ ತಾಲೂಕಿನ ಗೊಟಗೋಡಿಗೆ ಹೋದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ರೈತರೂ ಎತ್ತುಗಳೂ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಅಲ್ಲಿ ಕಂಡದ್ದು ಒಕ್ಕಲುತನದ ರೂಪ. ಅದರ ಒಳಗಿನ ಕೆಲಸ ಅರಿಯಲು ಮರುದಿನ ಗದಗ ರಸ್ತೆ ಹಿಡಿದೆ.

ನೇಗಿಲನ್ನೇ ಒಕ್ಕಲುತನದ ಗುರುತೆಂದು ನಾವೆಲ್ಲ ಹಾಡಿ ಹೊಗಳುತ್ತೇವೆ. ಆದರೆ ಅಣ್ಣಿಗೇರಿ ಸೀಮೆಯ ಎರೆಹೊಲಗಳಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ, ಅದರ ಸರದಿ ಬರುತ್ತಿದ್ದುದು ಅಪರೂಪಕ್ಕೆ. ಬೇಸಿಗೆಯಲ್ಲಿ ಆಳವಾಗಿ ಬಿರಿದು ಮಳೆಗೆ ಮತ್ತೆ ಕೂಡಿಕೊಳ್ಳುವ ಎರೆಮಣ್ಣು ಅರ್ಧ ಉಳುಮೆಯನ್ನು ತಾನೇ ಮಾಡಿಕೊಳ್ಳುವುದರಿಂದ, ವರ್ಷವರ್ಷವೂ ಮೇಲ್ಮಣ್ಣು ಸಡಿಲಿಸುವ ಕುಂಟೆ ಹೊಡೆದು ಹರಗಿದರೆ ಸಾಕಾಗುತ್ತಿತ್ತು. ಕರಿಕೆ ಹುಲ್ಲು ಬೇರೂರಿದಾಗ ಮಾತ್ರ ಹಲವು ಜೋಡಿ ಎತ್ತು ಕಟ್ಟಿ ದೊಡ್ಡ ನೇಗಿಲು ಹೂಡುತ್ತಿದ್ದರು. ಕಬ್ಬಿಣದ ನೇಗಿಲು ಬಂದದ್ದು ತೀರ ಈಚೆಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅದನ್ನು ತಯಾರಿಸಿದಾಗ, ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹಿಂಜರಿದಿದ್ದರು. ಮಣ್ಣನ್ನು ತಾಯಿಯೆಂದು ನಂಬಿದವರ ಆ ಅಂಜಿಕೆಯನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಊರ ಹೊರಗಿನ ಮನೆಯೊಂದರ ಪಡಸಾಲೆಯಲ್ಲಿ ತೂಗುಹಾಕಿದ್ದ, ಸಾಲಿನಲ್ಲಿ ಬೀಜ ಬಿತ್ತುವ ಕೂರಿಗೆ. ಕಟ್ಟಿಗೆಯ ಬಟ್ಟಲಿನ ಅಂಚು, ಎಷ್ಟೋ ಹಿಂಗಾರಿಗಳ ಕೈ ಸವರಿ, ಗಾಜಿನಂತೆ ನುಣುಪಾಗಿತ್ತು. ಅದರ ತಳದ ತೂತುಗಳಿಂದ ಹೊರಟ ಬಿದಿರಿನ ಕೊಳವೆಗಳು ನೆಲದಲ್ಲಿ ಸಾಲು ಸೀಳುವ ಒಂದೊಂದು ತಾಳಿನ ಹಿಂದೆ ಇಳಿದಿದ್ದವು. ಮನೆಯ ಅಜ್ಜಿ ಹಿಡಿಯಷ್ಟು ಜೋಳ ತಂದು ಬಟ್ಟಲಿನ ಮೇಲೆ ಮುಷ್ಟಿಯನ್ನು ಮೆಲ್ಲಗೆ ತಿರುಗಿಸುತ್ತ, "ನೋಡಪಾ, ಮುಟಿಗಿ ಬಿಗಿ ಹಿಡದ್ರ ಕಾಳ ಇಳಿಯಂಗಿಲ್ಲ, ಸಡ್ಲ ಬಿಟ್ರ ಒಂದ ಕಡೆ ಸುರದ ಬಿಡ್ತಾವ" ಎಂದರು. ಕಾಳುಗಳು ಎಲ್ಲ ಕೊಳವೆಗಳಲ್ಲೂ ಸಮನಾಗಿ ಸರಸರನೆ ಇಳಿದವು. ನಾನು ಯತ್ನಿಸಿದಾಗ ಎರಡು ಕೊಳವೆ ಬರಿದಾಗಿಯೇ ಉಳಿದವು. ಹೊಲದ ಅಳತೆಯನ್ನೂ ಈ ಸೀಮೆಯವರು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತ ಬಂದದ್ದು ಏಕೆಂದು ಆಗ ಹೊಳೆಯಿತು.

ಜೋಳದ ಸಾಲುಗಳ ನಡುವೆ ಅಕ್ಕಡಿ ಕಾಳಿಗೆ, ಅಂದರೆ ನಡುನಡುವೆ ಬೆಳೆಯುವ ಮಿಶ್ರಬೆಳೆಗೆ, ಬೇರೆ ಸಾಲು ಬಿಡುತ್ತಿದ್ದ ಬಗೆಯನ್ನೂ ಅಜ್ಜಿ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ರಾಜಸ್ಥಾನದ ಕಾಲಿಬಂಗಾದಲ್ಲಿ ಉತ್ಖನನವಾದ, ಸುಮಾರು 4,800 ವರ್ಷ ಹಳೆಯ ಉತ್ತ ಹೊಲ ನನಗೆ ನೆನಪಾಯಿತು. ಅಲ್ಲಿ ಒಂದು ದಿಕ್ಕಿನ ಸಾಲುಗಳ ನಡುವೆ ಸುಮಾರು 30 ಸೆಂಟಿಮೀಟರ್, ಅಡ್ಡ ಸಾಲುಗಳ ನಡುವೆ ಸುಮಾರು 190 ಸೆಂಟಿಮೀಟರ್ ಅಂತರವಿದ್ದು, ಎರಡು ಬೆಳೆ ಕೂಡಿಸಿ ಬಿತ್ತಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಅಜ್ಜಿಯ ಗೆರೆಗಳು ಅಷ್ಟು ಹಳೆಯ ಯೋಚನೆಗೆ ನೆಂಟರಾಗಿ ಕಂಡವು.

ಈ ಯೋಚನೆ ಅಣ್ಣಿಗೇರಿಯಲ್ಲಿ ನಿಂತುಹೋಗಿಲ್ಲ. ಬೀಜದೊಂದಿಗೆ ಗೊಬ್ಬರವನ್ನೂ ಇಳಿಸುವ ಕೂರಿಗೆ ಮೊದಲಾದ ಸಲಕರಣೆಗಳನ್ನು ರೂಪಿಸಿ, 2022ರಲ್ಲಿ ಪದ್ಮಶ್ರೀ ಪಡೆದ ಅಬ್ದುಲ್ ಖಾದರ್ ನಡಕಟ್ಟಿನ ಇದೇ ಊರಿನವರು.

ಸಂಜೆ ಬಸ್ಸಿಗೆ ಕಾಯುವಾಗ ರಸ್ತೆಯಾಚೆಯ ಹೊಲದಲ್ಲಿ ಟ್ರ್ಯಾಕ್ಟರ್ ಕೂರಿಗೆ ಕಡಲೆ ಬಿತ್ತುತ್ತಿತ್ತು. ಅದು ಹೊರಳುವಾಗ ಬದುವಿನ ಮೂಲೆಗಳಲ್ಲಿ ಉಳಿದ ಜಾಗದಲ್ಲಿ, ಉಡಿಯಲ್ಲಿ ಕಾಳು ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು ಒಂದೊಂದಾಗಿ ಕೈಯಿಂದ ಊರುತ್ತ ಹೋಗುತ್ತಿದ್ದಳು.