ಎಷ್ಟು ಸೆಂಟ್ ಮಳೆ?

ಕೊಡಗಿನಲ್ಲಿ ರಾತ್ರಿ ಮಳೆ ಬಂದರೆ ಬೆಳಿಗ್ಗೆ ಫೋನಿನಲ್ಲಿ ಮೊದಲ ಪ್ರಶ್ನೆ ಒಂದೇ: "ನಿಮ್ಮಲ್ಲಿ ಎಷ್ಟು ಸೆಂಟ್?" 100 ಸೆಂಟ್ ಅಂದರೆ ಒಂದಿಂಚು. ತೋಟದ ಮನೆಗಳಲ್ಲಿ ಅಜ್ಜನ ಕಾಲದ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಅದರಲ್ಲಿ ಹುಡುಗಿಯರ ಅಕ್ಷರ ನಾನು ಕಂಡದ್ದು ತೀರಾ ಕಮ್ಮಿ. ಅದಕ್ಕೇ ಮಾದಾಪುರದ ಹತ್ತಿರದ ನಮ್ಮೂರಲ್ಲಿ ಹುಡುಗಿಯರ ವಿಜ್ಞಾನ ಕ್ಲಬ್ ಶುರುವಾದಾಗ, ಮೊದಲು ಮಳೆ ಅಳೆಯೋಣ ಅಂತ ಹಟ ಹಿಡಿದೆ.

ಹುಡುಗಿಯರಿಗೇ ಬೇರೆ ಕ್ಲಬ್ ಯಾಕೆ ಅಂತ ಕೆಲವರು ಕೇಳಿದರು. ವಿಜ್ಞಾನ ಮೇಳಗಳಲ್ಲಿ ನೋಡಿದ್ದೇವಲ್ವಾ? ವೈರು, ಬ್ಯಾಟರಿ ಹುಡುಗರ ಕೈಗೆ ಹೋಗುತ್ತವೆ. "ನಿನ್ನ ಅಕ್ಷರ ಚೆಂದ" ಅಂತ ಹುಡುಗಿಗೆ ಚಾರ್ಟ್ ಬರೆಯುವ ಕೆಲಸ ಸಿಗುತ್ತದೆ. ಇಲ್ಲಿ ಕತ್ತರಿ, ಸ್ಕೇಲು, ಲೆಕ್ಕ, ಜಗಳ ಎಲ್ಲವೂ ಅವರದೇ.

ಮಾರ್ಚ್ ತಿಂಗಳ ಒಂದು ಶನಿವಾರ ಬಾಟಲಿ ಕತ್ತರಿಸಿದೆವು. ಮೇಲಿನ ಭಾಗವನ್ನು ತಲೆಕೆಳಗಾಗಿಸಿ ಆಲಿಕೆ ಮಾಡಿದರು. ತಳ ಉಬ್ಬುತಗ್ಗಾಗಿರುತ್ತದೆ, ಹಾಗಾಗಿ ಗೋಡೆ ನೇರವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿದರು. ಕೈ ಕೆಲಸ ಮಾಡುತ್ತಿರುವಾಗ ಅವರಿಗೆ ಹವಾಮಾನ ವಿಜ್ಞಾನಿ ಅನ್ನಾ ಮಣಿಯವರ ಕಥೆ ಹೇಳಿದೆ. 1918ರಲ್ಲಿ ಕೇರಳದ ಪೀರ್ಮೇಡಿನಲ್ಲಿ, ಏಲಕ್ಕಿ ತೋಟವಿದ್ದ ಮನೆತನದಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ದುಡಿದು, ಆಮೇಲೆ ಹವಾಮಾನ ಇಲಾಖೆಯ ಉಪಕರಣಗಳನ್ನು ನಮ್ಮ ದೇಶದಲ್ಲೇ ತಯಾರಿಸಲು ದಾರಿ ಮಾಡಿದವರು. "ನಮ್ಮ ತರಾನೇ ತೋಟದವರಾ?" ಅಂತ ಒಬ್ಬಳು ಕತ್ತರಿ ನಿಲ್ಲಿಸಿ ಕೇಳಿದಳು.

ಅದೃಷ್ಟಕ್ಕೆ ಅದೇ ರಾತ್ರಿ ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಬಂತು.

ಬೆಳಿಗ್ಗೆ ಎಲ್ಲರೂ ಓಡಿ ಬಂದರು. ಸಣ್ಣ ಬಾಟಲಿಯಲ್ಲಿ 12 ಮಿಲಿಮೀಟರ್. ಅಗಲ ಬಾಯಿಯ ಡಬ್ಬಿಯಲ್ಲೂ 12. ಸಿಲ್ವರ್ ಓಕ್ ಮರದ ಕೆಳಗಿಟ್ಟಿದ್ದರಲ್ಲಿ ಬರೀ 7. ಮರದ್ದು ಯಾರಿಗೂ ತಲೆ ಕೆಡಿಸಲಿಲ್ಲ, ಎಲೆ ತಡೆದಿದೆ ಅಷ್ಟೆ. ಡಬ್ಬಿಯದ್ದೇ ಗಲಾಟೆ. "ಅದರಲ್ಲಿ ನೀರು ಜಾಸ್ತಿ ಇದೆ, ಅಳತೆ ಮಾತ್ರ ಒಂದೇ, ಹೇಗೆ?" ಎರಡನ್ನೂ ಲೋಟಕ್ಕೆ ಸುರಿದು ನೋಡಿದರು. ಡಬ್ಬಿಯ ನೀರೇ ಜಾಸ್ತಿ. ನಾನು ಬಾಯಿ ಬಿಡಲಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಏಳನೇ ಕ್ಲಾಸಿನ ಹುಡುಗಿ, ಮಾತೇ ಕಮ್ಮಿ ಆಡುವವಳು, ಎರಡರ ಬಾಯಿಯನ್ನೂ ಗೇಣಿನಲ್ಲಿ ಅಳೆದಳು. "ಅಗಲ ಬಾಯಿಗೆ ಜಾಸ್ತಿ ಮಳೆ ಬೀಳತ್ತೆ. ಆದ್ರೆ ಹರಡೋಕೆ ಜಾಗಾನೂ ಜಾಸ್ತಿ ಅಲ್ವಾ? ಎತ್ತರ ಒಂದೇ ಬರತ್ತೆ." ಇಷ್ಟು ಸರಳವಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಒಂದಿಂಚಿಗೆ 25.4 ಮಿಲಿಮೀಟರ್. ಆಮೇಲೆ 12ನ್ನು 25.4ರಿಂದ ಭಾಗಿಸಿ, ನೂರರಿಂದ ಗುಣಿಸಿದರು. 47 ಸೆಂಟ್. ಪಕ್ಕದ ತೋಟದ ಯಜಮಾನರು ಗೇಟಿನ ಹತ್ತಿರ ನಿಂತು ಎಷ್ಟು ಅಂತ ಕೇಳಿದರು. ಅವಳೇ ಹೇಳಿದಳು. ರೋಬಸ್ಟಾ ಕಾಫಿಗೆ ಒಂದಿಂಚಿನಷ್ಟಾದರೂ ಬೇಕು. ಅರ್ಧ ಮಳೆ ಬಂದು ನಿಂತರೆ ಹೂವು ಸರಿಯಾಗಿ ಅರಳುವುದಿಲ್ಲ. "ಹಾಗಾದ್ರೆ ಸ್ಪ್ರಿಂಕ್ಲರ್ ಹಾಕ್ಲೇಬೇಕು" ಅಂತ ಅವರು ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದರು. ಅವಳ ಲೆಕ್ಕ ನಂಬಿ ಒಂದು ತೋಟದ ಪಂಪ್ ಶುರುವಾಯಿತು. ಬಹುಮಾನ, ಸರ್ಟಿಫಿಕೇಟು ಯಾವುದೂ ಇದರ ಮುಂದೆ ನಿಲ್ಲುವುದಿಲ್ಲ ಅಂತ ನನ್ನ ನಂಬಿಕೆ.

ಮಳೆ ಅಳೆಯುವುದು ನಮಗೆ ಬರೀ ಕಾಫಿಯ ವಿಷಯವೂ ಅಲ್ಲ. 2018ರ ಆಗಸ್ಟಿನಲ್ಲಿ ಈ ಸುತ್ತಿನ ಗುಡ್ಡಗಳೇ ಜಾರಿದ್ದವು. ಮುಂಗಾರಿಗೆ ಪ್ರತಿ ಹುಡುಗಿಯ ಮನೆಯಂಗಳದಲ್ಲೂ ಒಂದೊಂದು ಬಾಟಲಿ ಇಡಬೇಕು ಅಂತ ಅವರೇ ತೀರ್ಮಾನಿಸಿದ್ದಾರೆ. ಪುಸ್ತಕಕ್ಕೆ ಗೆರೆ ಹಾಕಿಯೂ ಆಗಿದೆ. ಈಗ ಹೊಸ ಜಗಳ: ಗಾಳಿ ಜೋರಿದ್ದರೆ ಮಳೆ ಓರೆಯಾಗಿ ಬೀಳತ್ತಲ್ಲ, ಆಗ ಬಾಟಲಿಯ ಅಳತೆ ಸರಿ ಇರತ್ತಾ? ಮುಂದಿನ ವಾರ ಒಂದನ್ನು ಬಯಲಲ್ಲಿ, ಇನ್ನೊಂದನ್ನು ಬೇಲಿ ಮರೆಯಲ್ಲಿ ಇಟ್ಟು ನೋಡುತ್ತಾರಂತೆ.